ಭೂಮಾಲೀಕರ ಕಾಗದಪತ್ರಗಳೂ ಮಿಂಚಂಚೆಯ ವ್ಯವಸ್ಥೆಯೂ

ಆಸ್ತಿಯನ್ನು ಸಂಪಾದಿಸುವುದು ಎಷ್ಟು ಕಷ್ಟವೋ ಅದರ ಕಾಗದಪತ್ರಗಳನ್ನು ಕಾಪಾಡಿಕೊಂಡು ಬರುವುದೂ ಅಷ್ಟೇ ಕಷ್ಟವೆಂಬುದು ಜಮೀನುಳ್ಳವರೆಲ್ಲರಿಗೂ ಅನುಭವಸಿದ್ಧವಾದ ವಿಷಯವಷ್ಟೆ. ಪೂರ್ವದಲ್ಲಿ ವರ್ತಕರೂ ಶಾನುಭೋಗರೂ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದ ಬಟ್ಟೆಯ ಕಡತಗಳಲ್ಲಿ ಬಳಪದಿಂದ ಲೆಕ್ಕಗಳನ್ನು ಬರೆದು, ಮಡಿಸಿ, ಜೋಪಾನವಾಗಿ ಕಟ್ಟಿ ಇಡುತ್ತಿದ್ದರು. ಯಾವ ತಾಕಿಗೆ ಎಷ್ಟು ಕಂದಾಯ, ಖಾತೆಯು ಯಾರ ಹೆಸರಿನಲ್ಲಿದೆ, ಬಾಕಿ ಎಷ್ಟು ಎಂದು ಕೇಳಿದರೆ, ಕ್ರಮವರಿತ ಶಾನುಭೋಗನು ತನ್ನ ದಫ್ತರವನ್ನು ಬಿಚ್ಚಿ ತಡವಿಲ್ಲದೆ ತೋರಿಸುತ್ತಿದ್ದನು. 1961ರ ಕಾಯಿದೆಯಿಂದ ಕರ್ನಾಟಕದಲ್ಲಿ ವಂಶಪಾರಂಪರ್ಯದ ಗ್ರಾಮಾಧಿಕಾರಗಳು ರದ್ದಾದವು. 2000ನೆಯ ಇಸವಿಯ ಸುಮಾರಿನಲ್ಲಿ ‘ಭೂಮಿ’ ಯೋಜನೆಯ ಮೂಲಕ ಪಹಣಿಗಳು ಗಣಕಯಂತ್ರವನ್ನು ಸೇರಿದವು. ಸರ್ಕಾರದ ದಫ್ತರವು ಹೀಗೆ ಹೊಸ ರೂಪವನ್ನು ತಾಳಿದ್ದರೂ, ಮನೆಯ ಯಜಮಾನನ ದಫ್ತರವು ಅನೇಕ ಕಡೆಗಳಲ್ಲಿ ಯಾವ ರೂಪವನ್ನೂ ತಾಳದೆ ಚದುರಿಹೋಗಿರುತ್ತದೆ.

ಈಗ ಬ್ಯಾಂಕಿನ ಲೆಕ್ಕಪಟ್ಟಿ, ಬೆಳೆ ವಿಮೆಯ ಸ್ವೀಕೃತಿ, ಗೊಬ್ಬರದ ರಸೀದಿ, ಮಣ್ಣು ಪರೀಕ್ಷೆಯ ವರದಿ, ಪಂಪುಸೆಟ್ಟಿನ ಖಾತರಿ ಪತ್ರ ಮುಂತಾದುವು ನಾನಾ ಮಾರ್ಗಗಳಿಂದ ಬರುತ್ತಲಿವೆ. ಒಂದು ಯಜಮಾನನ ಮೊಬೈಲಿನ ಚಿತ್ರಗಳ ರಾಶಿಯಲ್ಲಿರುತ್ತದೆ. ಮತ್ತೊಂದು ಪಟ್ಟಣದಲ್ಲಿರುವ ಮಗನ ವಾಟ್ಸಾಪಿನಲ್ಲಿರುತ್ತದೆ. ಇನ್ನೊಂದು ಅರ್ಜಿಯನ್ನು ತುಂಬಿಕೊಟ್ಟ ಸೈಬರ್ ಅಂಗಡಿಯವನಲ್ಲಿರುತ್ತದೆ. ಬೇಕಾದ ದಿನ ಬೇಕಾದ ಕಾಗದವು ದೊರೆಯದಿದ್ದರೆ ಉಂಟಾಗುವ ನಷ್ಟವು ಅಲ್ಪವಲ್ಲ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯ ನಿಯಮದಂತೆ ಆಲಿಕಲ್ಲಿನ ಮಳೆ, ಭೂಕುಸಿತ ಮೊದಲಾದ ಸ್ಥಳೀಯ ವಿಪತ್ತುಗಳಿಂದ ಬೆಳೆಯು ಹಾಳಾದಲ್ಲಿ 72 ಗಂಟೆಗಳೊಳಗಾಗಿ ಆ ಸಂಗತಿಯನ್ನು ತಿಳಿಸತಕ್ಕದ್ದು. ಆ ಮೂರು ದಿನಗಳಲ್ಲಿ ಎರಡು ದಿನಗಳನ್ನು ವಿಮೆಯ ಸಂಖ್ಯೆಯನ್ನು ಹುಡುಕುವುದರಲ್ಲಿಯೇ ಕಳೆದವನಿಗೆ, ಕೈಗೆ ಬಂದ ತುತ್ತು ಬಾಯಿಗೆ ಬಾರದಂತಾಗುವುದು.

ಈ ತೊಂದರೆಯ ನಿವಾರಣೆಗೆ ದುಬಾರಿಯಾದ ಸಾಧನಗಳೇನೂ ಬೇಕಿಲ್ಲ. ಬ್ರೌಸರಿನ ಮೂಲಕ ತೆರೆಯಬಹುದಾದ ಉಚಿತ ಇ-ಮೇಲ್, ಅಂದರೆ ಮಿಂಚಂಚೆಯ ಪೆಟ್ಟಿಗೆಯೊಂದನ್ನು ಕ್ರಮವಾಗಿ ಇಟ್ಟುಕೊಂಡಲ್ಲಿ ಅದೇ ಯಜಮಾನನ ದಫ್ತರವಾಗಬಲ್ಲದು.

ಬ್ರೌಸರಿನಲ್ಲಿ ತೆರೆಯುವ ಮಿಂಚಂಚೆಯ ಸ್ವರೂಪ

ಒಂದು ಗಣಕಯಂತ್ರದಿಂದ ಜಾಲದ ಮೂಲಕ ಮತ್ತೊಂದಕ್ಕೆ ಮಿಂಚಂಚೆಯನ್ನು 1971ರಲ್ಲಿ ಕಳುಹಿಸಿದವರು ಅಮೆರಿಕದ ರೇ ಟಾಮ್ಲಿನ್‌ಸನ್. ವಿಳಾಸದ ನಡುವೆ ‘ಆಟ್’ ಎಂಬ ಚಿಹ್ನೆಯನ್ನು ಇಡುವ ಪದ್ಧತಿಯೂ ಅವರಿಂದಲೇ ಬಂದಿತು. ಆ ಮೇಲಿನ ಅನೇಕ ವರ್ಷಗಳ ಕಾಲ, ಸಾಮಾನ್ಯ ಬಳಕೆದಾರನಿಗೆ ಬಂದ ಕಾಗದಗಳು ಅವನ ಒಂದೇ ಯಂತ್ರಕ್ಕೆ ಇಳಿದು ಅಲ್ಲಿಯೇ ಉಳಿಯುವುದು ವಾಡಿಕೆಯಾಗಿತ್ತು. ಯಂತ್ರವು ಕೆಟ್ಟರೆ ಕಾಗದಗಳೂ ಹೋಗುತ್ತಿದ್ದವು. 1996ನೆಯ ಜುಲೈ 4ರಂದು ಸಬೀರ್ ಭಾಟಿಯಾ ಮತ್ತು ಜಾಕ್ ಸ್ಮಿತ್ ಎಂಬವರು ಹಾಟ್‌ಮೇಲ್ ಎಂಬ ಸೇವೆಯನ್ನು ಆರಂಭಿಸಿ, ಯಾವ ಊರಿನ ಯಾವ ಯಂತ್ರದಲ್ಲಾದರೂ ಬ್ರೌಸರನ್ನು ತೆರೆದು ತಮ್ಮ ಕಾಗದಗಳನ್ನು ಓದುವ ಅನುಕೂಲವನ್ನು ಜನಸಾಮಾನ್ಯರಿಗೆ ಉಚಿತವಾಗಿ ಒದಗಿಸಿದರು. ಇವರಲ್ಲಿ ಭಾಟಿಯಾ ಅವರು ಬೆಂಗಳೂರಿನಲ್ಲಿ ಶಾಲೆಯನ್ನು ಓದಿದವರೆಂಬುದು ಕನ್ನಡನಾಡಿನವರಿಗೆ ಸಂತೋಷದ ಸಂಗತಿ. 2004ನೆಯ ಏಪ್ರಿಲ್ 1ರಂದು ಗೂಗಲ್ ಸಂಸ್ಥೆಯು ಜಿಮೇಲನ್ನು ಹೊರತಂದಿತು. ಆಗ ಹಾಟ್‌ಮೇಲಿನಲ್ಲಿ ಉಚಿತವಾಗಿ ದೊರೆಯುತ್ತಿದ್ದ ಸ್ಥಳ 2 ಎಂಬಿ. ಜಿಮೇಲ್ ಕೊಟ್ಟದ್ದು 1 ಜಿಬಿ, ಎಂದರೆ ಸುಮಾರು ಐನೂರು ಪಾಲು. ಓದಿದ ಕಾಗದವನ್ನು ಸ್ಥಳಾಭಾವದಿಂದ ಹರಿದುಹಾಕುವ ಅವಶ್ಯಕತೆಯು ಅಲ್ಲಿಗೆ ತಪ್ಪಿತು. ಮಿಂಚಂಚೆಯು ಕೇವಲ ಟಪಾಲಾಗಿರದೆ ಸಂಗ್ರಹಾಲಯವೂ ಆಯಿತು.

ಇದರ ತತ್ತ್ವವನ್ನು ಮನಸ್ಸಿಗೆ ತಂದುಕೊಳ್ಳುವುದು ಅವಶ್ಯಕ. ಕಾಗದವು ಇರುವುದು ಮೊಬೈಲಿನಲ್ಲಲ್ಲ. ಸೇವೆಯನ್ನು ನಡೆಸುವ ಸಂಸ್ಥೆಯ ದೂರದ ಯಂತ್ರಗಳಲ್ಲಿ. ಬ್ರೌಸರು ಆ ಭಂಡಾರಕ್ಕೆ ಕಿಟಕಿ ಮಾತ್ರ. ಆದುದರಿಂದ ಮೊಬೈಲು ಬಾವಿಗೆ ಬಿದ್ದರೂ, ಮಳೆಗಾಲದಲ್ಲಿ ಮನೆ ಸೋರಿ ಪೆಟ್ಟಿಗೆ ನೆನೆದರೂ ಕಾಗದವು ಸುರಕ್ಷಿತವಾಗಿಯೇ ಇರುತ್ತದೆ. ತಾಲ್ಲೂಕು ಕಚೇರಿಯ ಬಾಗಿಲಲ್ಲಿ ನಿಂತಿರುವ ತಂದೆಯೂ ದೂರದ ಊರಿನಲ್ಲಿರುವ ಮಗಳೂ ಅದೇ ಕಾಗದವನ್ನು ಏಕಕಾಲದಲ್ಲಿ ನೋಡಬಹುದು.

ವಿಳಾಸವು ಸ್ವಂತದ್ದಾಗಿರತಕ್ಕದ್ದು

ಹಳ್ಳಿಗಳಲ್ಲಿ ಕಂಡುಬರುವ ದೊಡ್ಡ ತಪ್ಪೊಂದುಂಟು. ಅರ್ಜಿಯನ್ನು ತುಂಬುವಾಗ ಮಿಂಚಂಚೆಯ ವಿಳಾಸವೆಂಬ ಸ್ಥಳದಲ್ಲಿ ಅಂಗಡಿಯವನು ತನ್ನ ವಿಳಾಸವನ್ನೇ ಬರೆದುಬಿಡುತ್ತಾನೆ. ಆ ಗಳಿಗೆಗೆ ಕೆಲಸವು ಸುಲಭವಾದಂತೆ ತೋರುತ್ತದೆ. ಆದರೆ ಮುಂದೆ ಆ ಅರ್ಜಿಗೆ ಸಂಬಂಧಿಸಿದ ಸೂಚನೆಗಳೆಲ್ಲವೂ ಪರರ ಪೆಟ್ಟಿಗೆಗೆ ಹೋಗುತ್ತವೆ. ದಾಖಲೆಯು ಸಾಲದೆಂದು ಬಂದ ಸೂಚನೆಯು ನೂರಾರು ಜನರ ಕಾಗದಗಳ ನಡುವೆ ಬಿದ್ದಿರುತ್ತದೆ. ಅಂಗಡಿಯು ಮುಚ್ಚಿದರೆ ಅದನ್ನು ಕೇಳುವವರೇ ಇಲ್ಲ. ತನ್ನ ಜಮೀನಿನ ಕ್ರಯಪತ್ರವನ್ನು ಸಂತೆಯ ಅಂಗಡಿಯಲ್ಲಿ ಇಟ್ಟು ಬರುವ ಯಜಮಾನನು ಯಾವನೂ ಇಲ್ಲ. ಮಿಂಚಂಚೆಯ ವಿಷಯದಲ್ಲಿಯೂ ಅದೇ ವಿವೇಕವನ್ನು ತೋರಿಸಬೇಕು.

ಆದ ಕಾರಣ ಪ್ರತಿಯೊಬ್ಬ ಭೂಮಾಲೀಕನೂ ತನ್ನ ಹೆಸರಿನಲ್ಲಿ, ತನ್ನ ಮೊಬೈಲ್ ಸಂಖ್ಯೆಯೊಡನೆ ಜೋಡಿಸಿದ ಒಂದು ವಿಳಾಸವನ್ನು ಮಾಡಿಸಿಕೊಂಡು, ಬ್ಯಾಂಕು, ವಿಮೆ, ಸಹಕಾರ ಸಂಘ, ಇಲಾಖೆ ಈ ಎಲ್ಲವಕ್ಕೂ ಅದೊಂದನ್ನೇ ಕೊಡತಕ್ಕದ್ದು. ಹಿಂದೆ ಬೇರೆಯವರ ವಿಳಾಸವನ್ನು ಕೊಟ್ಟಿದ್ದಲ್ಲಿ ಆಯಾ ಕಚೇರಿಗೆ ತಿಳಿಸಿ ಬದಲಾಯಿಸಿಕೊಳ್ಳಬೇಕು. ಜಿಮೇಲಿನ ಪುಟವನ್ನು ಕನ್ನಡದಲ್ಲಿಯೇ ಇಟ್ಟುಕೊಳ್ಳಬಹುದು. ಕಾಗದಗಳನ್ನೂ ಕನ್ನಡದಲ್ಲಿಯೇ ಬರೆಯಬಹುದು. ಇಂಗ್ಲಿಷ್ ಬಾರದೆಂಬ ಸಂಕೋಚಕ್ಕೆ ಇಲ್ಲಿ ಎಡೆಯಿಲ್ಲ.

ಸ್ವತಃ ಓದಿ ಬರೆಯಲು ಆಗದವರು ಗುಪ್ತಪದವನ್ನು ಮತ್ತೊಬ್ಬರಿಗೆ ಹೇಳಿಬಿಡುವುದು ಸರಿಯಲ್ಲ. ಜಿಮೇಲಿನ ಸೆಟ್ಟಿಂಗ್ಸ್ ಪುಟದಲ್ಲಿ, ತನ್ನ ಪೆಟ್ಟಿಗೆಯ ಕಾಗದಗಳನ್ನು ಓದಿ ಉತ್ತರ ಬರೆಯುವ ಅಧಿಕಾರವನ್ನು ನಂಬಿಕೆಯ ಬೇರೊಬ್ಬರ ವಿಳಾಸಕ್ಕೆ ಕೊಡುವ ಅವಕಾಶವುಂಟು. ಈ ಏರ್ಪಾಡನ್ನು ಗಣಕಯಂತ್ರದ ಬ್ರೌಸರಿನಲ್ಲಿಯೇ ಮಾಡಬೇಕು. ಹೀಗೆ ಅಧಿಕಾರ ಪಡೆದ ಮಗನಾಗಲಿ ಮೊಮ್ಮಗಳಾಗಲಿ ಯಜಮಾನನ ಪರವಾಗಿ ಕೆಲಸ ಮಾಡಬಹುದೇ ಹೊರತು ಗುಪ್ತಪದವನ್ನು ಬದಲಾಯಿಸಲಾಗದು. ಬೇಡವಾದಾಗ ಯಜಮಾನನು ಆ ಅಧಿಕಾರವನ್ನು ಹಿಂದೆಗೆದುಕೊಳ್ಳಬಹುದು.

ಕಾಗದಗಳ ವಿಂಗಡಣೆ

ಬಂದ ಕಾಗದಗಳನ್ನೆಲ್ಲ ಇನ್‌ಬಾಕ್ಸಿನಲ್ಲಿಯೇ ರಾಶಿ ಹಾಕುವುದು, ರಾಗಿಯನ್ನೂ ಅವರೆಯನ್ನೂ ಹುರುಳಿಯನ್ನೂ ಒಂದೇ ವಾಡೆಯಲ್ಲಿ ಸುರಿದಂತೆ. ಜಿಮೇಲಿನಲ್ಲಿ ಲೇಬಲ್ ಎಂಬ ಹೆಸರುಪಟ್ಟಿಗಳನ್ನು ಮಾಡಿಕೊಂಡು ಪ್ರತಿಯೊಂದು ಕಾಗದಕ್ಕೂ ಅಂಟಿಸಬಹುದು. ಹಿಡುವಳಿಯು ದೊಡ್ಡದಿರಲಿ ಚಿಕ್ಕದಿರಲಿ, ಈ ಕೆಳಗಿನ ಆರು ಪಟ್ಟಿಗಳು ಆರಂಭಕ್ಕೆ ಸಾಕಾಗುವುವು.

1. ಭೂಮಿ: ಪಹಣಿ, ಖಾತೆ ಬದಲಾವಣೆ, ಪೋಡಿ, ಸರ್ವೆ ನಕ್ಷೆ, ಕಂದಾಯದ ರಸೀದಿ.
2. ಸಾಲ: ಬ್ಯಾಂಕು ಮತ್ತು ಸಹಕಾರ ಸಂಘದ ಪತ್ರಗಳು, ಕಂತು ಕಟ್ಟಿದ ರಸೀದಿ, ಸಾಲ ತೀರಿದ ಬಗ್ಗೆ ದೃಢೀಕರಣ.
3. ವಿಮೆ: ಪ್ರತಿ ಹಂಗಾಮಿನ ಸ್ವೀಕೃತಿ, ನಷ್ಟದ ಚಿತ್ರಗಳು, ದೂರಿನ ಸಂಖ್ಯೆ.
4. ಬೇಸಾಯ: ಮಣ್ಣು ಪರೀಕ್ಷೆಯ ವರದಿ, ಬೀಜ ಮತ್ತು ಗೊಬ್ಬರದ ರಸೀದಿ, ಯಂತ್ರಗಳ ಖಾತರಿ ಪತ್ರ.
5. ಮಾರಾಟ: ಮಂಡಿಯ ತೂಕದ ಚೀಟಿ, ಲೆಕ್ಕತೀರುವಳಿ, ಬಾಕಿ.
6. ಗ್ರಾಮ: ಪಂಚಾಯತಿ, ಹಾಲಿನ ಸಂಘ, ಕೆರೆ ಮುಂತಾದ ಸಾರ್ವಜನಿಕ ಕಾರ್ಯಗಳು.

ಪಟ್ಟಿಯೊಳಗೆ ಪಟ್ಟಿಯನ್ನು ಇಡುವುದಕ್ಕೂ ಅವಕಾಶವಿದೆ. ತರಿ, ಖುಷ್ಕಿ, ಬಾಗಾಯ್ತು ಎಂದು ಬೇರೆ ಬೇರೆ ಸರ್ವೆ ನಂಬರುಗಳ ಜಮೀನುಳ್ಳವನು ‘ಭೂಮಿ’ಯ ಕೆಳಗೆ ಪ್ರತಿ ನಂಬರಿಗೂ ಒಂದೊಂದು ಪಟ್ಟಿಯನ್ನು ಮಾಡಿಕೊಳ್ಳಬಹುದು. ಕಾಗದದ ಕಟ್ಟಿಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸವೇನೆಂದರೆ, ಒಂದೇ ಕಾಗದಕ್ಕೆ ಎರಡು ಮೂರು ಪಟ್ಟಿಗಳನ್ನು ಅಂಟಿಸಬಹುದು. ಬೆಳೆಸಾಲದಲ್ಲಿಯೇ ವಿಮೆಯ ಕಂತನ್ನು ಮುರಿದುಕೊಂಡ ಬ್ಯಾಂಕಿನ ಪತ್ರವು ‘ಸಾಲ’ದಲ್ಲಿಯೂ ‘ವಿಮೆ’ಯಲ್ಲಿಯೂ ದೊರೆಯುವಂತಾಗುತ್ತದೆ.

ಈ ಕೆಲಸವನ್ನು ಯಂತ್ರಕ್ಕೇ ವಹಿಸಲು ಫಿಲ್ಟರ್ ಎಂಬ ಸಾಧನವಿದೆ. ಇಂಥ ಬ್ಯಾಂಕಿನಿಂದ ಬಂದ ಕಾಗದಕ್ಕೆ ‘ಸಾಲ’ ಎಂಬ ಪಟ್ಟಿಯನ್ನು ಅಂಟಿಸು, ವಿಮೆಯ ಸಂಸ್ಥೆಯಿಂದ ಬಂದದ್ದನ್ನು ಎಂದಿಗೂ ಸ್ಪ್ಯಾಮಿಗೆ ತಳ್ಳಬೇಡ ಎಂದು ಒಮ್ಮೆ ಅಪ್ಪಣೆ ಮಾಡಿಟ್ಟರೆ, ಮುಂದೆ ಬರುವ ಕಾಗದಗಳು ತಾವಾಗಿಯೇ ವಿಂಗಡವಾಗುತ್ತವೆ. ಈಗಾಗಲೇ ಬಂದಿರುವ ಹಳೆಯ ಕಾಗದಗಳಿಗೂ ಅದೇ ನಿಯಮವನ್ನು ಅನ್ವಯಿಸಬಹುದು. ಮೊಬೈಲಿನ ಜಿಮೇಲ್ ಆ್ಯಪಿನಲ್ಲಿ ಫಿಲ್ಟರನ್ನು ರಚಿಸುವ ಸೌಕರ್ಯವಿಲ್ಲದ ಕಾರಣ, ಒಂದು ದಿನ ಬಿಡುವು ಮಾಡಿಕೊಂಡು ಗಣಕಯಂತ್ರದ ಬ್ರೌಸರಿನಲ್ಲಿ ಇದನ್ನು ಮಾಡಿ ಮುಗಿಸುವುದು ಯುಕ್ತ.

ನಿತ್ಯದ ಕ್ರಮ

ಎಷ್ಟೇ ಒಳ್ಳೆಯ ಸಾಧನವಿದ್ದರೂ ಅಭ್ಯಾಸವಿಲ್ಲದೆ ಫಲವಿಲ್ಲ. ಬೆಳಗ್ಗೆ ಹಾಲು ಕರೆದು ಡೈರಿಗೆ ಹಾಕಿದ ಮೇಲೆ ಹತ್ತು ನಿಮಿಷಗಳನ್ನು ಈ ಕೆಲಸಕ್ಕೆ ಮೀಸಲಿಟ್ಟರೆ ಸಾಕು. ತೆರೆದ ಪ್ರತಿಯೊಂದು ಕಾಗದಕ್ಕೂ ನಾಲ್ಕರಲ್ಲೊಂದು ಗತಿಯನ್ನು ಕಾಣಿಸಬೇಕು. ಉತ್ತರವು ಬೇಕಾಗಿದ್ದರೆ ಆಗಲೇ ಬರೆಯುವುದು, ಇಟ್ಟುಕೊಳ್ಳತಕ್ಕದ್ದಾದರೆ ಪಟ್ಟಿಯನ್ನು ಅಂಟಿಸಿ ‘ಆರ್ಕೈವ್’ ಮಾಡುವುದು, ಮುಂದೊಂದು ದಿನ ಮಾಡತಕ್ಕ ಕೆಲಸವಾದರೆ ‘ಸ್ನೂಜ್’ ಎಂಬ ಗುಂಡಿಯಿಂದ ಆ ದಿನವನ್ನು ಗೊತ್ತುಮಾಡುವುದು, ನಿರುಪಯುಕ್ತವಾದರೆ ತೆಗೆದುಹಾಕುವುದು. ಆರ್ಕೈವ್ ಮಾಡಿದ ಕಾಗದವು ನಾಶವಾಗುವುದಿಲ್ಲ. ಇನ್‌ಬಾಕ್ಸಿನಿಂದ ಮರೆಯಾಗಿ ದಫ್ತರದಲ್ಲಿ ಉಳಿಯುತ್ತದೆ. ಸ್ನೂಜ್ ಮಾಡಿದ್ದು ಗೊತ್ತುಮಾಡಿದ ದಿನ ಇನ್‌ಬಾಕ್ಸಿನ ತಲೆಯ ಮೇಲೆ ಮತ್ತೆ ಕಾಣಿಸಿಕೊಳ್ಳುತ್ತದೆ. ಸಾಲದ ಕಂತಿನ ಗಡುವಿಗೆ ಒಂದು ವಾರ ಮುಂಚೆ ಬ್ಯಾಂಕಿನ ಕಾಗದವು ತಾನಾಗಿ ಎದ್ದು ಬಂದರೆ ಮರೆವಿಗೆ ಸ್ಥಳವೆಲ್ಲಿ?

ತೆಗೆದುಹಾಕಿದ ಕಾಗದಗಳೂ ಸ್ಪ್ಯಾಮ್ ಎಂಬ ಕಸದ ಮೂಲೆಗೆ ಬಿದ್ದ ಕಾಗದಗಳೂ 30 ದಿನಗಳ ನಂತರ ಶಾಶ್ವತವಾಗಿ ಅಳಿಸಿಹೋಗುತ್ತವೆ. ಯಂತ್ರವು ಒಮ್ಮೊಮ್ಮೆ ಒಳ್ಳೆಯ ಕಾಗದವನ್ನೂ ಕಸವೆಂದು ತಿಳಿಯುವುದುಂಟು. ಆದುದರಿಂದ ವಾರಕ್ಕೊಮ್ಮೆ, ಸಂತೆಯ ದಿನವೆಂದು ಇಟ್ಟುಕೊಂಡರೆ ನೆನಪಿಗೆ ಸುಲಭ, ಆ ಮೂಲೆಯನ್ನೂ ಕೆದಕಿ ನೋಡಬೇಕು.

ಬರೆಯುವ ಮತ್ತು ಹುಡುಕುವ ರೀತಿ

ಇತರರಿಂದ ಬಂದ ಕಾಗದಗಳಿಗಿಂತ, ಯಜಮಾನನು ತನಗೆ ತಾನೇ ಬರೆದುಕೊಳ್ಳುವ ಕಾಗದಗಳು ಹೆಚ್ಚು ಉಪಯುಕ್ತವಾದುವು. ಕೈಯಲ್ಲಿ ಬರೆದ ರಸೀದಿ, ಮಂಡಿಯ ಚೀಟಿ, ಮಣ್ಣಿನ ಚೀಟಿ ಇವು ಕೈಸೇರಿದ ದಿನವೇ ಚಿತ್ರವನ್ನು ತೆಗೆದು ತನ್ನ ವಿಳಾಸಕ್ಕೇ ಕಳುಹಿಸಿಕೊಳ್ಳಬೇಕು. ಜಿಮೇಲಿನಲ್ಲಿ ಒಂದು ಕಾಗದದೊಡನೆ 25 ಎಂಬಿಯವರೆಗೆ ಲಗತ್ತುಗಳನ್ನು ಇಡಬಹುದು. ಗೂಗಲಿನ ಉಚಿತ ಸ್ಥಳವು ಒಟ್ಟು 15 ಜಿಬಿ. ಚಿತ್ರವೊಂದಕ್ಕೆ 2 ಎಂಬಿಯಂತೆ ಹಿಡಿದರೆ ಸುಮಾರು 7,500 ಚಿತ್ರಗಳಿಗೆ ಎಡೆಯಾಗುತ್ತದೆ. ಆದರೆ ಮೊಬೈಲಿನ ಫೋಟೋಗಳನ್ನೂ ಅದೇ ಖಾತೆಯಲ್ಲಿ ಇಟ್ಟರೆ ಅವೂ ಇದೇ ಸ್ಥಳವನ್ನು ತಿನ್ನುತ್ತವೆಂಬುದನ್ನು ಮರೆಯಕೂಡದು.

ವಿಷಯವೆಂಬ ಸಾಲನ್ನು ಬರಿದಾಗಿ ಬಿಡಬಾರದು. ‘ಪೋಡಿ ಅರ್ಜಿ, ಸರ್ವೆ ನಂಬರು 48/2, ಸ್ವೀಕೃತಿ’ ಎಂದು ಕೆಲಸವನ್ನೂ ಸರ್ವೆ ನಂಬರನ್ನೂ ಬರೆಯಬೇಕು. ಸಕಾಲದ ಸಂಖ್ಯೆಯಾಗಲಿ ವಿಮೆಯ ದೂರಿನ ಸಂಖ್ಯೆಯಾಗಲಿ ಚಿತ್ರದಲ್ಲಿದೆಯೆಂದು ಸುಮ್ಮನಿರದೆ ಕಾಗದದ ಒಡಲಿನಲ್ಲಿ ಅಕ್ಷರಗಳಲ್ಲಿ ಬರೆದಿಡಬೇಕು. ಮೇಲಿರುವ ಹುಡುಕುವ ಪೆಟ್ಟಿಗೆಯು ಬರೆದ ಅಕ್ಷರವನ್ನು ನಂಬಿಕೆಯಿಂದ ಕಂಡುಹಿಡಿಯುತ್ತದೆ. ಮಸುಕಾದ ಚಿತ್ರವನ್ನು ನಂಬಲಾಗದು. ಒಂದೇ ವಸ್ತುವಿಗೆ ಒಮ್ಮೆ ಪಹಣಿಯೆಂದೂ ಮತ್ತೊಮ್ಮೆ ಆರ್‌ಟಿಸಿಯೆಂದೂ ಬರೆದರೆ ಹುಡುಕುವಾಗ ಅರ್ಧ ಮಾತ್ರ ಸಿಕ್ಕುವುದು. ಆದ್ದರಿಂದ ಒಂದು ವಸ್ತುವಿಗೆ ಒಂದೇ ಹೆಸರೆಂಬ ನಿಯಮವನ್ನು ಪಾಲಿಸತಕ್ಕದ್ದು.

ಇದರ ಫಲವು ವರ್ಷಗಳು ಕಳೆದಂತೆ ಹೆಚ್ಚುತ್ತದೆ. 2015ರಲ್ಲಿ ಆರಂಭವಾದ ಮಣ್ಣಿನ ಆರೋಗ್ಯ ಚೀಟಿಯಲ್ಲಿ 12 ಅಂಶಗಳ ವಿವರವಿರುತ್ತದೆ. ಹಳೆಯ ಚೀಟಿಯನ್ನು ಹೊಸದರ ಪಕ್ಕದಲ್ಲಿಟ್ಟು ನೋಡಿದಲ್ಲದೆ ಹೊಲದ ಸಾವಯವ ಇಂಗಾಲವು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ತಿಳಿಯದು. ಹಳೆಯ ಚೀಟಿಯು ಇಲಿಯ ಪಾಲಾಗಿದ್ದರೆ ಹೊಸ ಚೀಟಿಯ ಅರ್ಧ ಬೆಲೆಯೂ ಹೋದಂತೆ.

ಗ್ರಾಮದ ಕಾರ್ಯಗಳಲ್ಲಿ ಉಪಯೋಗ

ಗ್ರಾಮದ ಮುಖಂಡರ ಹೊಣೆಯು ಇನ್ನೂ ದೊಡ್ಡದು. ಹಾಲಿನ ಸಂಘ, ನೀರು ಬಳಕೆದಾರರ ಸಂಘ, ದೇವಸ್ಥಾನದ ಸಮಿತಿ ಮೊದಲಾದುವುಗಳ ಪತ್ರವ್ಯವಹಾರವನ್ನು ಕಾರ್ಯದರ್ಶಿಯ ಸ್ವಂತ ವಿಳಾಸದಿಂದ ನಡೆಸುವುದು ವಾಡಿಕೆ. ಕಾರ್ಯದರ್ಶಿಯು ಬದಲಾದೊಡನೆ ಹಿಂದಿನ ಕಾಗದಗಳೆಲ್ಲವೂ ಅವನೊಡನೆ ಹೋಗುತ್ತವೆ. ಪಕ್ಷಗಳು ಹುಟ್ಟಿದರಂತೂ ಕೇಳುವುದೇ ಬೇಡ. ಸಂಘಕ್ಕೆ ಪ್ರತ್ಯೇಕವಾದ ವಿಳಾಸವಿದ್ದು, ಅಧಿಕಾರವು ಕೈ ಬದಲಾದ ದಿನವೇ ಗುಪ್ತಪದವನ್ನೂ ಅದಕ್ಕೆ ಜೋಡಿಸಿದ ಮೊಬೈಲ್ ಸಂಖ್ಯೆಯನ್ನೂ ಬದಲಾಯಿಸಿ ವಹಿಸಿಕೊಡುವ ಪದ್ಧತಿಯನ್ನು ಇಟ್ಟುಕೊಂಡರೆ, ಜನರು ಬದಲಾದರೂ ದಫ್ತರವು ಊರಿನಲ್ಲಿಯೇ ಉಳಿಯುವುದು. ಕಾಲುವೆಯ ದುರಸ್ತಿಗೆಂದು ಕಚೇರಿಗೆ ಬರೆದ ಪತ್ರದ ಪ್ರತಿಯನ್ನು ‘ಸಿಸಿ’ ಎಂಬ ಸಾಲಿನಲ್ಲಿ ಸಮಿತಿಯ ಸದಸ್ಯರ ವಿಳಾಸಗಳನ್ನು ಬರೆದು ಎಲ್ಲರಿಗೂ ಕಳುಹಿಸಿದರೆ, ಪತ್ರ ಹೋಯಿತೇ ಇಲ್ಲವೇ ಎಂಬ ವಾದವೇ ಹುಟ್ಟದು. ನೂರಾರು ಜನರಿಗೆ ಒಂದೇ ಪ್ರಕಟಣೆಯನ್ನು ಕಳುಹಿಸುವಾಗ ಮಾತ್ರ ‘ಬಿಸಿಸಿ’ಯನ್ನು ಉಪಯೋಗಿಸಬೇಕು, ಅದರಿಂದ ಒಬ್ಬರ ವಿಳಾಸವು ಇನ್ನೊಬ್ಬರಿಗೆ ಕಾಣದು.

ಬೀಗದ ಕೈ

ಎಲ್ಲ ಕಾಗದಗಳೂ ಒಂದೇ ಪೆಟ್ಟಿಗೆಯಲ್ಲಿರುವಾಗ ಅದರ ಬೀಗದ ಕೈಯನ್ನು ಕಾಯುವುದು ಬಹು ಮುಖ್ಯ. ಪಾಸ್‌ವರ್ಡ್ ಎಂಬ ಗುಪ್ತಪದವು ಹುಟ್ಟಿದ ವರ್ಷವಾಗಲಿ ಮೊಬೈಲ್ ಸಂಖ್ಯೆಯಾಗಲಿ ಆಗಿರಕೂಡದು. ಬೇರೆಲ್ಲಿಯೂ ಉಪಯೋಗಿಸದ, ಉದ್ದವಾದ ಪದವಾಗಿರಬೇಕು. ಅದರೊಡನೆ ಎರಡು ಹಂತದ ಪರಿಶೀಲನೆಯನ್ನೂ ಏರ್ಪಡಿಸಿಕೊಳ್ಳಬೇಕು. ಅಂಗಡಿಯ ಗಣಕಯಂತ್ರದಲ್ಲಿ ತೆರೆದಲ್ಲಿ, ಗುಪ್ತಪದವನ್ನು ನೆನಪಿಡಲೇ ಎಂದು ಬ್ರೌಸರು ಕೇಳಿದರೆ ಬೇಡವೆಂದು ಹೇಳಿ, ಕೆಲಸ ಮುಗಿದ ಮೇಲೆ ‘ಸೈನ್ ಔಟ್’ ಮಾಡಿ ಏಳಬೇಕು. ಸಹಾಯಧನವು ಬಂದಿದೆ, ಈ ಕೊಂಡಿಯನ್ನು ಒತ್ತಿರಿ ಎಂದು ಬರುವ ಕಾಗದಗಳನ್ನು ನಂಬಬಾರದು. ಒಟಿಪಿಯನ್ನು ಯಾರಿಗೂ ಹೇಳಕೂಡದು. ಮೋಸಹೋಗಿ ಹಣ ಕಳೆದುಕೊಂಡಲ್ಲಿ ತಡಮಾಡದೆ 1930 ಎಂಬ ಸಹಾಯವಾಣಿಗೆ ಕರೆಮಾಡಬೇಕು. ಊರು ಕೊಳ್ಳೆಹೋದ ಮೇಲೆ ದಿಡ್ಡಿಬಾಗಿಲು ಹಾಕಿ ಫಲವೇನು?

ಇನ್ನು ಎರಡು ಸಂಗತಿಗಳು ಅನೇಕರಿಗೆ ತಿಳಿದಿಲ್ಲ. ಎರಡು ವರ್ಷಗಳ ಕಾಲ ಉಪಯೋಗಿಸದೆ ಬಿಟ್ಟ ಸ್ವಂತ ಖಾತೆಯನ್ನು ಅದರ ಕಾಗದಗಳ ಸಹಿತ ಅಳಿಸಿಹಾಕುವ ನಿಯಮವನ್ನು ಗೂಗಲ್ ಸಂಸ್ಥೆಯು 2023ನೆಯ ಡಿಸೆಂಬರಿನಿಂದ ಜಾರಿಗೆ ತಂದಿದೆ. ಮಾಡಿಸಿ ಮರೆತ ಪೆಟ್ಟಿಗೆಯು ಹಾಗೆಯೇ ಉಳಿಯುವುದೆಂದು ತಿಳಿಯಬಾರದು. ಎರಡನೆಯದಾಗಿ, ಯಜಮಾನನು ಕಾಲವಾದರೆ ಗುಪ್ತಪದವೂ ಅವನೊಡನೆ ಹೋಗುತ್ತದೆ. ಪೌತಿ ಖಾತೆಗಾಗಿ ಅಲೆಯುವ ಮಕ್ಕಳಿಗೆ ತಂದೆಯ ಕಾಗದಗಳಿದ್ದೂ ಇಲ್ಲದಂತಾಗುತ್ತವೆ. ಇದಕ್ಕೆ ‘ನಿಷ್ಕ್ರಿಯ ಖಾತೆ’ಯ ಏರ್ಪಾಡೊಂದನ್ನು ಗೂಗಲ್ ಕಲ್ಪಿಸಿದೆ. ಖಾತೆಯು ಗೊತ್ತಾದಷ್ಟು ತಿಂಗಳುಗಳ ಕಾಲ ಉಪಯೋಗವಿಲ್ಲದೆ ಉಳಿದರೆ, ಮುಂಚಿತವಾಗಿ ಹೆಸರಿಸಿದ ಹತ್ತು ಜನರವರೆಗಿನ ನಂಬಿಕಸ್ಥರಿಗೆ ಕಾಗದಗಳು ದೊರೆಯುವಂತೆ ಬರೆದಿಡಬಹುದು. ಇದು ವಯಸ್ಸಾದ ಯಜಮಾನರು ತಪ್ಪದೆ ಮಾಡಿಡತಕ್ಕ ಕೆಲಸ.

ಮಿಂಚಂಚೆಯಿಂದ ಆಗದ ಕೆಲಸಗಳು

ಮಿಂಚಂಚೆಯ ಮೇಲೆ ಇಲ್ಲದ ಶಕ್ತಿಯನ್ನು ಹೊರಿಸಬಾರದು. ನೋಂದಾಯಿತವಾದ ಕ್ರಯಪತ್ರ, ವಿಭಾಗಪತ್ರ, ಉಯಿಲು ಇವುಗಳ ಮೂಲಪ್ರತಿಗಳನ್ನು ಪೆಟ್ಟಿಗೆಯಲ್ಲಿಯೋ ಬ್ಯಾಂಕಿನ ಲಾಕರಿನಲ್ಲಿಯೋ ಭದ್ರವಾಗಿಡಲೇಬೇಕು. ಚಿತ್ರವು ಮೂಲಕ್ಕೆ ಸಮನಾಗದು. ಬೆಳೆನಷ್ಟವನ್ನು ವಿಮೆಯ ಆ್ಯಪ್, ಸಹಾಯವಾಣಿ, ಬ್ಯಾಂಕು ಅಥವಾ ಇಲಾಖೆಯ ಮೂಲಕ ನಿಯಮದಂತೆಯೇ ತಿಳಿಸಬೇಕು. ತಿಳಿಸಿದ್ದಕ್ಕೆ ದೊರೆತ ಸಂಖ್ಯೆಯನ್ನೂ ದಿನಾಂಕವನ್ನೂ ಹಾಳಾದ ಪೈರಿನ ಚಿತ್ರಗಳನ್ನೂ ಕಾಪಾಡುವುದು ಮಿಂಚಂಚೆಯ ಕೆಲಸ. 2000ನೆಯ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯಿದೆಯು ವಿದ್ಯುನ್ಮಾನ ದಾಖಲೆಗಳಿಗೆ ಕಾನೂನಿನ ಮನ್ನಣೆಯನ್ನು ಕೊಟ್ಟಿದೆ. ಅಂಥ ದಾಖಲೆಯನ್ನು ಮುದ್ರಿಸಿ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಹಾಜರುಪಡಿಸುವಾಗ, 2024ನೆಯ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಪ್ರಕರಣದಂತೆ ಪ್ರಮಾಣಪತ್ರವನ್ನು ಲಗತ್ತಿಸಬೇಕಾಗುತ್ತದೆ. ಆದುದರಿಂದ ವ್ಯಾಜ್ಯಕ್ಕೆ ಸಂಬಂಧಿಸಿದ ಕಾಗದವನ್ನು ಮುದ್ರಿಸಿಕೊಂಡ ಮೇಲೂ ಪೆಟ್ಟಿಗೆಯಿಂದ ಅಳಿಸಕೂಡದು.

ಉಪಸಂಹಾರ

ಮೇಲ್ಕಂಡ ಕೆಲಸಗಳನ್ನೆಲ್ಲ ಒಂದೇ ದಿನದಲ್ಲಿ ಮಾಡಬೇಕಾಗಿಲ್ಲ. ಮೊದಲನೆಯ ವಾರ ಸ್ವಂತ ವಿಳಾಸವನ್ನು ಮಾಡಿಸಿ ಬ್ಯಾಂಕಿಗೂ ವಿಮೆಗೂ ತಿಳಿಸುವುದು. ಎರಡನೆಯ ವಾರ ಆರು ಪಟ್ಟಿಗಳನ್ನೂ ಫಿಲ್ಟರುಗಳನ್ನೂ ರಚಿಸುವುದು. ಮೂರನೆಯ ವಾರ ಪೆಟ್ಟಿಗೆಯಲ್ಲಿರುವ ಹಳೆಯ ಕಾಗದಗಳ ಚಿತ್ರಗಳನ್ನು ದಿನಕ್ಕೆ ಹತ್ತರಂತೆ ಕಳುಹಿಸಿಕೊಳ್ಳುವುದು. ನಾಲ್ಕನೆಯ ವಾರ ಬೀಗದ ಕೈಯ ಏರ್ಪಾಡುಗಳನ್ನು ಮುಗಿಸುವುದು. ಹೀಗೆ ತಿಂಗಳೊಪ್ಪತ್ತಿನಲ್ಲಿ ದಫ್ತರವು ಸಿದ್ಧವಾಗುವುದು. ಮುಂದಿನ ಹಂಗಾಮಿನಲ್ಲಿ ಆಲಿಕಲ್ಲು ಬೀಳದಿರಲೆಂದು ಎಲ್ಲರೂ ಹಾರೈಸುವುದು ಸಹಜ. ಆದರೆ ಬಿದ್ದಲ್ಲಿ, 72 ಗಂಟೆಗಳಲ್ಲಿ ಮೊದಲನೆಯ ಗಂಟೆಯಲ್ಲಿಯೇ ವಿಮೆಯ ಸಂಖ್ಯೆಯನ್ನು ಹೇಳಬಲ್ಲ ಯಜಮಾನನು, ಉಳಿದ ಎಪ್ಪತ್ತೊಂದು ಗಂಟೆಗಳನ್ನು ತನ್ನ ಹೊಲಕ್ಕೂ ಊರಿನವರ ಸಹಾಯಕ್ಕೂ ಕೊಡಬಲ್ಲನು.